ರಾಮದುರ್ಗದಿಂದ ಬರುವ ಸ್ಟ್ರೈಕರ್

ನನಗೆ ಕೇರಂ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಉರಿಯೆಲ್ಲ ಅಲ್ಲಿಂದಲೇ ಹೊತ್ತಿಕೊಂಡದ್ದು. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಹೊಸತರಲ್ಲಿ ಮಾವನವರು ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ಕಲಿಸಲು ನೋಡಿದರು. ನಾನು ಹೊಡೆದ ಸ್ಟ್ರೈಕರ್ ಹಲಗೆಯನ್ನೇ ದಾಟಿ, ಅತ್ತೆ ಜೋಳ ಹಸನು ಮಾಡುತ್ತಿದ್ದ ಮೊರಕ್ಕೆ ಹೋಗಿ ಬಿತ್ತು. ಮಾವನವರು ನಕ್ಕರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಕ್ಕು, "ಇರ್ಲಿ ಬಿಡವಾ, ದೊಡ್ಡಾಕಿ ಕೈ ಎಲ್ಲಾರಿಗೂ ಎಲ್ಲಿ ಬರತೈತಿ" ಅಂದರು.

ದೊಡ್ಡಾಕಿ ಎಂದರೆ ಆ ಮನೆಯ ದೊಡ್ಡ ಸೊಸೆ, ನನ್ನ ನೆಗೆಣ್ಣಿ. ನಾನು ಬರುವಷ್ಟರಲ್ಲಿ ಭಾವನಿಗೆ ರಾಮದುರ್ಗಕ್ಕೆ ವರ್ಗವಾಗಿ ಅವರು ಅಲ್ಲಿ ಸಂಸಾರ ಹೂಡಿಯಾಗಿತ್ತು. ಆದರೆ ಅವಳು ಹೋದರೂ ಮನೆ ಬಿಟ್ಟು ಹೋಗಿರಲಿಲ್ಲ. ಮಸಾಲೆ ಖಾರ ಅವಳು ಹೇಳಿದ ಅಳತೆಯದು. ಕಿಟಕಿಯ ಪರದೆ ಅವಳು ಆರಿಸಿದ್ದು. ಬೆಕ್ಕು ಕೂಡ ಅವಳಿಟ್ಟ ಹೆಸರಿಗಷ್ಟೇ ಓಗೊಡುತ್ತಿತ್ತು. ಊರ ಕೇರಂ ಪಂದ್ಯದಲ್ಲಿ ಮಾವ ಸೊಸೆ ಜೋಡಿಯಾಗಿ ಆಡಿ ಗೆದ್ದು ತಂದ ಸ್ಟೀಲಿನ ಕೊಡವೊಂದು ಅಡುಗೆಮನೆಯಲ್ಲಿತ್ತು. ನಾನು ಬೆಳಗಾಗೆದ್ದು ನೀರು ತುಂಬಬೇಕಾದದ್ದು ಅದಕ್ಕೇ.

ಮಾವನವರು ಆಯುಷ್ಯವೆಲ್ಲ ಹತ್ತಿ ಪೇಟೆಯಲ್ಲಿ ಕಳೆದವರು. ಅರಳೆಯನ್ನು ಬೆರಳಲ್ಲಿ ಎಳೆದು ನೋಡಿ ಮಾಲು ಎಂಥದೆಂದು ಹೇಳುತ್ತಿದ್ದ ಕೈ ಅದು. ಆ ಕೈಗೆ ಕೇರಂ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ. ಮೊಣಕಾಲು ಹಿಡಿದುಕೊಂಡ ಮೇಲೆ ಪೇಟೆಯೂ ಬಿಟ್ಟಿತು, ಓಣಿಯ ಕಟ್ಟೆಯ ಮೇಲಿನ ಆಟವೂ ಬಿಟ್ಟಿತು. ದೊಡ್ಡಾಕಿ ರಾಮದುರ್ಗಕ್ಕೆ ಹೋದ ಮೇಲೆ ಹಲಗೆ ಗೋಡೆಗೆ ಆತುಕೊಂಡು ಧೂಳು ತಿನ್ನುತ್ತಾ ನಿಂತಿತು.

ನನಗೂ ಒಂದು ವಿದ್ಯೆ ಇತ್ತು, ಇಲ್ಲವೆನ್ನಬೇಡಿ. ತವರೂರು ಸವದತ್ತಿಯಲ್ಲಿ ಮದುವೆಗೆ ಮುಂಚೆ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಟೈಪಿಂಗು, ಲೆಕ್ಕಪತ್ರದ ಪ್ರೋಗ್ರಾಮು, ಇಂಟರ್ನೆಟ್ಟು. ಹಾಗಾಗಿ ನನ್ನ ಗಂಡ ಮತ್ತು ಭಾವ ಒಂದೇ ಅಂಗಡಿಯಲ್ಲಿ ಒಂದೇ ತರಹದ ಎರಡು ಕಂಪ್ಯೂಟರ್ ಕೊಂಡು, ಒಂದನ್ನು ಬೈಲಹೊಂಗಲದ ಮನೆಗೆ, ಇನ್ನೊಂದನ್ನು ರಾಮದುರ್ಗಕ್ಕೆ ತಂದಾಗ ನನ್ನ ಎದೆ ಉಬ್ಬಿತ್ತು. ಇನ್ನಾದರೂ ಈ ಮನೆಯಲ್ಲಿ ಒಂದು ವಸ್ತು ನನ್ನದಾಯಿತು ಅಂದುಕೊಂಡೆ. ಅತ್ತೆಯೂ ಬಂದವರ ಮುಂದೆ "ಅದು ನಮ್ಮ ಸಣ್ಣ ಸೊಸೀದ್ರಿ, ನಮಗೇನ್ ತಿಳೀತೈತಿ" ಎನ್ನುತ್ತಿದ್ದರು. ಆ ಸುಖ ಬಹಳ ದಿನ ಬಾಳಲಿಲ್ಲ.

ಊರಿಗೆ ಬ್ರಾಡ್‌ಬ್ಯಾಂಡ್ ಬಂತು. ನನ್ನ ಗಂಡನಿಗೆ ಕಿತ್ತೂರಿನಲ್ಲಿ ಪಂಪ್‌ಸೆಟ್ ಅಂಗಡಿ. ಅಲ್ಲಿ ಯಾರೋ ತೋರಿಸಿದರಂತೆ, ಕಂಪ್ಯೂಟರಿನಲ್ಲಿ ಆಡುವ ಕೇರಂ ಒಂದಿದೆ, ಒಂದೂರಲ್ಲಿ ಒಬ್ಬರು ಇನ್ನೊಂದೂರಲ್ಲಿ ಒಬ್ಬರು ಕೂತು ಜೋಡಿಯಾಗಿ ಆಡಬಹುದು, ಎದುರಾಳಿ ಜೋಡಿ ಯಾವ ದೇಶದ್ದಾದರೂ ಆಗಬಹುದು ಎಂದು. ಅಪ್ಪನ ಮೇಲಿನ ಪ್ರೀತಿಗೆ ಇವರು ಎರಡೂ ಮನೆಯಲ್ಲಿ ಅದನ್ನು ಹಾಕಿಕೊಟ್ಟರು. ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ.

ಅಂದಿನಿಂದ ದೇವರ ಮುಂದೆ ದೀಪ ಹಚ್ಚಿದ ಕೂಡಲೇ ಮಾವನವರು ಕಂಪ್ಯೂಟರ್ ಮುಂದೆ. ತೆರೆಯ ಮೇಲೆ ನಿಜವಾದ ಹಲಗೆಯಂತೆಯೇ ಹಲಗೆ, ಅದರ ಮೇಲೆ ದೀಪದ ಹೊಳಪು, ಕಾಯಿಗೆ ಕಾಯಿ ತಾಗಿದರೆ ಟಕ್ ಎನ್ನುವ ಸದ್ದು. ಈಚೆಯಿಂದ ಮಾವ ಹೊಡೆದರೆ ಆಚೆಯಿಂದ ದೊಡ್ಡಾಕಿಯ ಸ್ಟ್ರೈಕರ್ ಬರುತ್ತಿತ್ತು. ಅದು ಬಂದಾಗಲೆಲ್ಲ ಮಾವನವರ ಮುಖ ಅರಳುವುದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಬಡಿಯುವ ಹಿಟ್ಟಿನ ಕೈಯಲ್ಲೇ ನಿಂತು ನೋಡುತ್ತಿದ್ದೆ. ಊರು ಬಿಟ್ಟು ಹೋದವಳು ದಿನಾ ಸಂಜೆ ನನ್ನ ಕಂಪ್ಯೂಟರಿನೊಳಗಿಂದಲೇ ಮನೆಗೆ ಬರತೊಡಗಿದಳು. ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆಟ ಕೆಡಲು ಶುರುವಾದದ್ದು ಕೆಲವು ದಿನಗಳ ನಂತರ. ಚೆನ್ನಾಗಿ ನಡೆಯುತ್ತಾ ನಡೆಯುತ್ತಾ, ಕೆಂಪು ಕಾಯಿ ಹಾಕುವ ಹೊತ್ತಿಗೆ ಹಲಗೆ ಹಾಗೇ ಹೆಪ್ಪುಗಟ್ಟುತ್ತಿತ್ತು. ಸ್ಟ್ರೈಕರ್ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ಆಮೇಲೆ ತೆರೆ ನೀಲಿಯಾಗಿ, ಒಂದಷ್ಟು ಬಿಳಿ ಇಂಗ್ಲಿಷ್ ಅಕ್ಷರ ಕಕ್ಕಿ, ಕಂಪ್ಯೂಟರ್ ತಾನಾಗಿ ಆರಿ ಹೊತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಎದುರಾಳಿ ಗೆದ್ದಂತೆ. ಕೂಡಲೇ ರಾಮದುರ್ಗದಿಂದ ಫೋನು, "ಮಾವಾರ, ಯಾಕ ಹ್ವಾದ್ರಿ?" ಮಾವನವರು ರಿಸೀವರನ್ನು ಇಡದೆ ಮೇಜಿನ ಮೇಲೆ ಮಲಗಿಸಿ ಒಳಗೆ ಕೂಗುತ್ತಿದ್ದರು. "ತಂಗೀ, ಬಾರವಾ ಇಲ್ಲೆ. ಮತ್ತ ಬಂದ್ ಆತು."

ಈಗ ನನ್ನ ಫಜೀತಿ ನೋಡಿ. ಆಟ ಸರಿ ಮಾಡಿದರೆ ಮಾವ ಮತ್ತು ಅವಳು ಸುಖವಾಗಿ ಆಡುತ್ತಾರೆ, ನಾನು ಒಲೆ ಮುಂದೆ ಉರಿಯುತ್ತೇನೆ. ಸರಿ ಮಾಡದಿದ್ದರೆ ಕಂಪ್ಯೂಟರ್ ಕಲಿಸುತ್ತಿದ್ದವಳ ಮಾನ ಹೋಗುತ್ತದೆ. ಅವಳಿಗೆ ಕೇರಂ ಬರುತ್ತದೆ, ಇವಳಿಗೆ ಕಂಪ್ಯೂಟರೂ ಬರುವುದಿಲ್ಲ ಎಂದಾಗುತ್ತದೆ. ಎರಡು ಉರಿಯಲ್ಲಿ ಮಾನದ್ದೇ ದೊಡ್ಡದಾಯಿತು. ಸೆರಗು ಸಿಕ್ಕಿಸಿ ಕೂತೆ.

ಆಟ ಕಿತ್ತು ಮತ್ತೆ ಹಾಕಿದೆ. ವೈರಸ್ ಹುಡುಕಿದೆ. ತೆರೆಯ ಡ್ರೈವರ್ ಹೊಸದು ಇಳಿಸಿದೆ. ಗಂಡ ತುಂಬಿಟ್ಟಿದ್ದ ಹಾಡುಗಳನ್ನೆಲ್ಲ ಅವರನ್ನು ಒಂದು ಮಾತು ಕೇಳದೇ ಅಳಿಸಿದೆ. ಫೋನಿನ ವೈರು ಬದಲಿಸಿದೆ. ಆಟದ ಕಂಪನಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದೆ. ಉಳಿದ ಪ್ರೋಗ್ರಾಮುಗಳನ್ನು ಮುಚ್ಚಿ ನೋಡಿ ಎಂದು ಉತ್ತರ ಬಂತು. ಮುಚ್ಚಲು ಉಳಿದದ್ದು ನನ್ನ ಬಾಯಿ ಒಂದೇ.

ನಾನು ಹೀಗೆ ಗುದ್ದಾಡುವಾಗ ಮಾವನವರು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಎದ್ದು ಹೋಗಿ ಅಂದರೂ ಹೋಗುತ್ತಿರಲಿಲ್ಲ. ಮಡಿಲಲ್ಲಿ ಶೇಂಗಾ ಹಾಕಿಕೊಂಡು ಸುಲಿಯುವುದು, ನನ್ನ ಕೈ ಬಿಡುವಿಲ್ಲವೆಂದು ಕಾಳನ್ನು ಕೀಬೋರ್ಡಿನ ಪಕ್ಕದ ಬಟ್ಟಲಿಗೆ ಹಾಕುವುದು. ಹಾಕುತ್ತಾ ಕತೆ. ಮುರಗೋಡದಿಂದ ಹತ್ತಿಗಾಡಿ ಹೊಡೆದುಕೊಂಡು ಬಂದು ಪೇಟೆಯಲ್ಲೇ ಮಲಗಿದ್ದು, ನೇಸರಗಿಯ ವ್ಯಾಪಾರಿಯೊಬ್ಬ ಅರಳೆಗೆ ನೀರು ಚಿಮುಕಿಸಿ ತೂಕ ಹೆಚ್ಚಿಸಲು ಹೋಗಿ ಸಿಕ್ಕಿಬಿದ್ದದ್ದು, ಅತ್ತೆಯನ್ನು ನೋಡಲು ಹೋದಾಗ ಅವರು ಕೊಟ್ಟ ಚಹಾದಲ್ಲಿ ಸಕ್ಕರೆಯೇ ಇರದಿದ್ದದ್ದು. ನಾನು "ಹೂಂ ರೀ, ಹೂಂ ರೀ" ಎನ್ನುತ್ತಾ ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತಾ ನೀಲಿ ತೆರೆಗೆ ಶಾಪ ಹಾಕುತ್ತಿದ್ದೆ. ರಾಮದುರ್ಗದ ಫೋನು ಮೇಜಿನ ಮೇಲೆ ಮಲಗಿಯೇ ಇರುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನೆನಪಾಗಿ ಯಾರಾದರೂ ಇಡುತ್ತಿದ್ದೆವು.

ಕೊನೆಗೆ ಊರಿನ ರಿಪೇರಿಯವನು ಬಂದು ಕಂಪ್ಯೂಟರಿನ ಡಬ್ಬಿಯನ್ನೇ ಅಂಗಡಿಗೆ ಒಯ್ದ. ಅಲ್ಲಿ ದಿನವಿಡೀ ಆಟ ಹಚ್ಚಿಟ್ಟನಂತೆ, ಒಮ್ಮೆಯೂ ನಿಲ್ಲಲಿಲ್ಲ. ತಂದು ಮನೆಯಲ್ಲಿ ಇಟ್ಟ ಒಂದೆರಡು ದಿನಕ್ಕೆ ಮತ್ತೆ ಅದೇ ಹಾಡು. "ಡಬ್ಬಿ ಬೇಶ್ ಐತ್ರಿ ಅಕ್ಕಾರ. ನಿಮ್ಮನ್ಯಾಗs ಏನೋ ಲಫಡಾ ಐತಿ" ಎಂದು ಹೇಳಿ ಅವನು ಕೈತೊಳೆದುಕೊಂಡ. ಈ ಮಾತು ರಾಮದುರ್ಗಕ್ಕೆ ಮುಟ್ಟಿತು. ಅವಳು ಫೋನಿನಲ್ಲಿ ನಕ್ಕು, "ನಮ್ಮಲ್ಲೆ ಒಂದಿನಾನೂ ನಿಂತಿಲ್ಲ ನೋಡ" ಅಂದಳು. ಆ ಹೋಳಿಗೆಯಂಥ ಮೆತ್ತನೆಯ ದನಿಗೇ ನನಗೆ ಮೈ ಉರಿಯುತ್ತಿದ್ದದ್ದು. ನಿಮ್ಮ ಕಡೆಯ ಲೈನೇ ಸರಿ ಇರಲಿಕ್ಕಿಲ್ಲ ಎಂದೆ. "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ" ಅಂದಳು. ತಮಾಷೆಗೇ ಅಂದಳು. ತಮಾಷೆಯ ಮಾತೇ ಹೆಚ್ಚು ಚುಚ್ಚುತ್ತದೆ.

ಅವಳ ಮನೆಯ ಕಂಪ್ಯೂಟರನ್ನು ಕಣ್ಣಾರೆ ನೋಡಿಯೇ ಬಿಡುತ್ತೇನೆಂದು ಹಟ ಹುಟ್ಟಿತು. ಇನ್ನೊಂದು ಗುಟ್ಟಿನ ಕಾರಣವೂ ಇತ್ತು. ಮದುವೆಯಲ್ಲಿ ನನ್ನವ್ವ ತನ್ನ ಹಳೆಯ ಇಳಕಲ್ಲ ಸೀರೆಗಳನ್ನು ಪದರಕ್ಕೆ ಪದರ ಇಟ್ಟು, ಕೈಯಿಂದ ಹೊಲಿದ ಕೌದಿಯೊಂದನ್ನು ನನಗೆ ಕೊಟ್ಟಿದ್ದಳು. ಹೊದ್ದರೆ ಮೈಮೇಲೆ ಅವ್ವನೇ ಕೈಯಿಟ್ಟ ಹಾಗಿರುತ್ತಿತ್ತು. ಕಳೆದ ಚಳಿಗಾಲ ಮುಗಿದ ಮೇಲೆ ಅದು ಕಾಣೆಯಾಗಿತ್ತು. ಆ ಹೊತ್ತಿಗೇ ದೊಡ್ಡಾಕಿ ಬಂದು ಹೋಗಿದ್ದಳು, ಹೋಗುವಾಗ ಅತ್ತೆ ಅವಳಿಗೊಂದು ದೊಡ್ಡ ಗಂಟು ಕಟ್ಟಿಕೊಟ್ಟಿದ್ದರು. ನಾನು ಎರಡನ್ನೂ ಕೂಡಿಸಿಕೊಂಡಿದ್ದೆ. ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಿ, ಹೌದು ಅವಳಿಗೆ ಕೊಟ್ಟೆ ಅಂದುಬಿಟ್ಟರೆ ಎಂದು ಹೆದರಿಕೆ.

ಸವದತ್ತಿಗೆ ತವರಿಗೆ ಹೋದವಳು ಅಲ್ಲಿಂದ ಒಂದು ದಿನ ರಾಮದುರ್ಗದ ಬಸ್ಸು ಹತ್ತಿದೆ. ಅವಳು ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡಳು. ನನ್ನ ಕಣ್ಣು ಮೊದಲು ಹೋದದ್ದು ಮಂಚಗಳ ಮೇಲೆ. ಎರಡು ಕೌದಿ ಇದ್ದವು, ಅವ್ವನದು ಇರಲಿಲ್ಲ. ಟ್ರಂಕಿನಲ್ಲಿಟ್ಟಿರಬೇಕು ಅಂದುಕೊಂಡೆ. ಮನಸ್ಸು ಕೆಟ್ಟರೆ ಟ್ರಂಕಿನ ಒಳಗೂ ಕಾಣುತ್ತದೆ.

ಆಮೇಲೆ ಕಂಪ್ಯೂಟರು. ಮೇಜು ಥೇಟ್ ನಮ್ಮದೇ, ಬೈಲಹೊಂಗಲದ ಅದೇ ಬಡಿಗೇರ ಮಾಡಿದ್ದು. ನಮ್ಮಲ್ಲಿ ಮೇಜಿನ ಕೆಳಗಿನ ಗೂಡಿನಲ್ಲಿ ಡಬ್ಬಿ ಇಟ್ಟು ಮುಂದೆ ಬಾಗಿಲು ಹಾಕಿರುತ್ತಿದ್ದೆವು, ಹಿಂದೆ ಹಲಗೆ, ವೈರು ಹಾಯಲು ಅದರಲ್ಲೊಂದು ತೂತು. ಇವಳು ಆ ಗೂಡಿನಲ್ಲಿ ಒಣಗಿಸಿದ ಕಟಕ ರೊಟ್ಟಿ ಒಟ್ಟಿಟ್ಟಿದ್ದಳು! ಡಬ್ಬಿ ಪಾಪ ನೆಲದ ಮೇಲೆ, ಮೈಮೇಲೆ ಬಟ್ಟೆಯಿಲ್ಲದೆ, ಧೂಳು ಮೆತ್ತಿಕೊಂಡು ಕೂತಿತ್ತು. ಒಳಗೊಳಗೇ ಖುಷಿಯಾಯಿತು. ಇದೇನಾ ದೊಡ್ಡಾಕಿಯ ಅಚ್ಚುಕಟ್ಟು, ಅತ್ತೆ ಒಮ್ಮೆ ಬಂದು ನೋಡಬೇಕು ಎಂದುಕೊಂಡೆ. ಅವಳು ಆಟ ಹಚ್ಚಿ ತೋರಿಸಿದಳು. ಬಹಳ ಹೊತ್ತು ಆಡಿದ ಮೇಲೂ ನಿಲ್ಲಲಿಲ್ಲ. ಡಬ್ಬಿಯ ಮೇಲೆ ಕೈಯಿಟ್ಟು ನೋಡಿದೆ, ಬೆಚ್ಚಗೂ ಇರಲಿಲ್ಲ.

ಚಹಾ ಕುಡಿಯುವಾಗ ಅವಳು ಲೋಟವನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಒಂದ್ ಮಾತ್ ಹೇಳ್ಲಿ? ಸಿಟ್ಟಾಗಬ್ಯಾಡ."

"ಹೇಳ್ರಿ ಅಕ್ಕಾರ."

"ನೀ ಆಟಾ ರಿಪೇರಿ ಮಾಡಬಾರದು ಅಂತ ಬೇಕಂತs ಬಿಟ್ಟೀ ಅಂತ ನಾ ತಿಳ್ಕೊಂಡಿದ್ದೆ."

ಯಾಕೆ ಹಾಗೆ ಮಾಡಲಿ ಎಂದೆ.

"ಯಾಕಂದ್ರ ಆಟಾ ನಿಂತ ಮ್ಯಾಲೆ ಮಾವಾರು ನಿನ್ನ ಕರೀತಾರ. ಫೋನಿನ್ಯಾಗ ಎಲ್ಲಾ ಕೇಳಸ್ತೈತಿ. ಇಲ್ಲೆ ನನ್ನ ಹಲಿಗಿ ಮ್ಯಾಲೆ, ನಿಮ್ಮ ಜೋಡಿ ಆಟಾ ಬಿಟ್ಟು ಹೋಗ್ಯಾರ ಅಂತ ಬರೆದು ಬರತೈತಿ. ಅಲ್ಲೆ ಮಾವಾರು ನಿನಗ ಶೇಂಗಾ ಸುಲದು ಹಾಕ್ಕೋತ ಕತಿ ಹೇಳಾಕ ಹತ್ತಿರ್ತಾರ. ಅತ್ತಿಯವರ ಸಕ್ರಿ ಇಲ್ಲದ ಚಹಾದ ಕತಿ, ಅಷ್ಟ್ ವರ್ಷ ಅದs ಮನ್ಯಾಗ ಇದ್ದೆ, ನನಗ ಒಂದಿನಾ ಹೇಳಿಲ್ಲ ತಂಗಿ. ನನ್ನ ಕೂಡ ಬರೇ ಆಡ್ಯಾರ. ನಿನ್ನ ಕೂಡ ಮಾತಾಡ್ತಾರ." ಲೋಟ ಮತ್ತೆ ಕೈಗೆತ್ತಿಕೊಂಡು ಅಂದಳು, "ನಾ ಫೋನ್ ಇಡದs ಕೇಳ್ಕೋತ ಕುಂತಿರ್ತೇನಿ. ಹೊಟ್ಟಿ ಉರೀತೈತಿ ನೋಡ."

ಹೊಟ್ಟೆಯುರಿ ಎನ್ನುವುದು ನನ್ನೊಬ್ಬಳದೇ ಆಸ್ತಿ ಅಂದುಕೊಂಡಿದ್ದೆ. ಅದರಲ್ಲೂ ಅವಳು ಪಾಲು ಕೇಳಲು ಬಂದಳು. ತಬ್ಬಿಕೊಂಡು ಅತ್ತೆವು ಎಂದೆಲ್ಲ ಬರೆದರೆ ಚೆಂದ ಕಾಣುತ್ತದೆ, ಆದರೆ ಹಾಗೇನೂ ಆಗಲಿಲ್ಲ. ಅವಳು ಅಂದದ್ದನ್ನು ಕೇಳಿ ನನಗೆ ಮೊದಲು ಆದದ್ದು ಸಂತೋಷ. ಶುದ್ಧ, ಕೆಟ್ಟ ಸಂತೋಷ. ಬರುವಾಗ ಅವಳು ಕಟ್ಟಿಕೊಟ್ಟ ಕಟಕ ರೊಟ್ಟಿಯನ್ನು ಬೇಡ ಅನ್ನದೆ ತಂದೆ.

ಬಸ್ಸಿನಲ್ಲಿ ಎಂಜಿನ್ನಿನ ಪಕ್ಕದ ಸೀಟು ಸಿಕ್ಕಿತು. ಕಾಲು ಸುಡುತ್ತಿತ್ತು. ಕಾಲನ್ನು ಅತ್ತ ಇತ್ತ ಸರಿಸುತ್ತಾ ಕೂತವಳಿಗೆ ಒಮ್ಮೆಲೇ ಹೊಳೆಯಿತು. ರಿಪೇರಿಯವನ ಅಂಗಡಿಯಲ್ಲಿ ಡಬ್ಬಿ ಬಯಲಲ್ಲಿತ್ತು, ನಿಲ್ಲಲಿಲ್ಲ. ದೊಡ್ಡಾಕಿಯಲ್ಲೂ ಬಯಲಲ್ಲಿದೆ, ನಿಲ್ಲುವುದಿಲ್ಲ. ನಮ್ಮದೊಂದೇ ಗೂಡಿನೊಳಗೆ. ಆಟ ಆಡಿದಂತೆ ಡಬ್ಬಿ ಕಾಯುತ್ತದೆ, ಕಾದ ಗಾಳಿ ಹಿಂದಿನಿಂದ ಹೊರಗೆ ಹೋಗಬೇಕು. ಹಿಂದೆ ತೂತು ಇದೆಯಲ್ಲ, ಅದಕ್ಕೇನಾಗಿದೆ?

ಬೈಲಹೊಂಗಲಕ್ಕೆ ಬಂದವಳು ಕೈಕಾಲು ತೊಳೆಯದೆ ಮೇಜನ್ನು ಗೋಡೆಯಿಂದ ಎಳೆದೆ. ಗೂಡಿನ ಮುಂದಿನ ಬಾಗಿಲನ್ನು ಎಷ್ಟೋ ಸಲ ತೆರೆದಿದ್ದೆ, ಹಿಂದಕ್ಕೆ ಹೋಗಿ ನೋಡಿದವಳಲ್ಲ. ಕ್ಲಾಸಿನಲ್ಲಿ ನಾವು ಪ್ರೋಗ್ರಾಮು ಕಲಿಸುವವರು, ಡಬ್ಬಿಯ ಹಿಂದೆ ಬಗ್ಗುವುದು ನಮ್ಮ ಕೆಲಸ ಅಲ್ಲ ಎಂಬ ಗತ್ತು ಬೇರೆ. ತೂತಿನಿಂದ ಬಟ್ಟೆಯ ತುದಿಯೊಂದು ಇಣುಕುತ್ತಿತ್ತು. ಡಬ್ಬಿಯನ್ನು ಮುಂದಕ್ಕೆ ಜಗ್ಗಿ ಕೈ ಹಾಕಿದೆ. ಬಿಗಿಯಾಗಿ ತುರುಕಿದ್ದ ದಪ್ಪನೆಯ ಮಡಿಕೆ ಹೊರಬಂತು. ಇಳಕಲ್ಲ ಸೀರೆಯ ಕೆಂಪು ಸೆರಗು, ಅದರ ಮೇಲೆ ನನ್ನವ್ವನ ಸಣ್ಣ ಸಣ್ಣ ಹೊಲಿಗೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುತ್ತಾರಲ್ಲ, ಹಾಗೆ ನಾನು ರಾಮದುರ್ಗದ ಮಂಚಗಳನ್ನು ಹುಡುಕಿ ಬಂದಿದ್ದೆ.

"ಅತ್ತೀ, ಇದನ್ನ ಯಾರ ಇಟ್ರಿ ಇಲ್ಲೆ?"

"ನಾನs ಇಟ್ಟೇನಿ. ಆ ತೂತಿನ್ಯಾಗ ಇಲಿ ಹೊಕ್ಕರ? ನಮ್ಮ ಹಳೇ ರೇಡಿಯೋದಾಗ ಮರಿ ಹಾಕಿತ್ತು. ರಿಪೇರಿಯಂವ ಬಂದಾಗ ತೆಗದಿದ್ದೆ, ತಂದಿಟ್ಟ ಹ್ವಾದ ಮ್ಯಾಲೆ ನಾನs ಮತ್ತ ಇಟ್ಟೆ."

"ಅದಕ್ಕ ಈ ಕೌದಿನs ಬೇಕಾಗಿತ್ತೇನ್ರಿ?"

ಅತ್ತೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆ ಮನೆಯಲ್ಲಿ ಕಿಮ್ಮತ್ತಿನ ವಸ್ತು ಏನೇ ಇರಲಿ, ಬಿತ್ತನೆ ಬೀಜವಾಗಲಿ ಉಪ್ಪಿನಕಾಯಿ ಭರಣಿಯಾಗಲಿ ಬಾಣಂತಿಯ ಕೂಸಾಗಲಿ, ಕೌದಿಯಲ್ಲಿ ಸುತ್ತಿಯೇ ಇಡಬೇಕು. "ಮತ್ತ? ಕಂಪ್ಯೂಟರ್ ನಿಂದು. ನಿನ್ನ ವಸ್ತುಕ್ಕ ಎಂಥಾದರ ಹರಕ ಹಾಕಾಕ ಬರತೈತೇನ? ಮನ್ಯಾಗಿನ ಕೌದಿ ಎಲ್ಲಾ ತೆಗದು ನೋಡಿದೆ. ನಿಮ್ಮವ್ವ ಹೊಲದದ್ದs ಎಲ್ಲಾದರಕಿಂತ ಛಲೋ ಇತ್ತು" ಅಂದರು.

ಆ ಸಂಜೆ ಡಬ್ಬಿಯನ್ನು ನೆಲದ ಮೇಲೆ ಬಯಲಲ್ಲಿಟ್ಟು ಆಟ ಹಚ್ಚಿಕೊಟ್ಟೆ. ಮಾವನವರು ಕೂತರು. ರಾಮದುರ್ಗದಿಂದ ಸ್ಟ್ರೈಕರ್ ಬಂತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೆಂಪು ಬಿತ್ತು, ಅದರ ಬೆನ್ನಿಗೆ ಇನ್ನೊಂದು ಕಾಯಿಯೂ ಬಿತ್ತು, ತೆರೆ ನೀಲಿಯಾಗಲಿಲ್ಲ. ಹಲಗೆ ಖಾಲಿಯಾಗುವವರೆಗೂ ಆಟ ನಡೆಯಿತು, ಇವರ ಜೋಡಿ ಗೆದ್ದಿತು. ಮಾವನವರು ತಿರುಗಿ, "ಶಾಣ್ಯಾಕಿ ನನ್ನ ಸೊಸಿ!" ಅಂದರು. ನನಗೇ ಅಂದರು, ಸಂಶಯವಿಲ್ಲ. ಎದೆ ತುಂಬಿತು. ಅವರು ಕೂಡಲೇ ಮುಂದಿನ ಆಟಕ್ಕೆ ತಿರುಗಿಕೊಂಡರು.

ಮರುದಿನವೂ ಆಟ ನಿಲ್ಲಲಿಲ್ಲ. ಅದರ ಮರುದಿನವೂ. ನಾನು ರೊಟ್ಟಿ ಬಡಿಯುತ್ತಾ ಕಿವಿ ಹೊರಗಿಟ್ಟಿರುತ್ತಿದ್ದೆ. ಟಕ್, ಟಕ್ ಎನ್ನುವ ಕಾಯಿಗಳ ಸದ್ದು, ನಡುನಡುವೆ ಮಾವನವರ "ಭಲೇ!" ಎನ್ನುವ ಕೂಗು. "ತಂಗೀ, ಬಾರವಾ ಇಲ್ಲೆ" ಎನ್ನುವುದು ಮಾತ್ರ ಇಲ್ಲ. ಶೇಂಗಾದ ಬಟ್ಟಲು ಕಪಾಟಿಗೆ ಹೋಯಿತು. ನೇಸರಗಿಯ ವ್ಯಾಪಾರಿ ಸಿಕ್ಕಿಬಿದ್ದ ಮೇಲೆ ಏನಾಯಿತೆಂದು ಅವರು ಇನ್ನೂ ಹೇಳಿ ಮುಗಿಸಿರಲಿಲ್ಲ. ಕರೆಯದೆ ಹೋಗಿ ಪಕ್ಕದಲ್ಲಿ ಕೂರಲು ನನಗೆ ನೆಪ ಉಳಿದಿರಲಿಲ್ಲ. ಅವಳಿಗೆ ಹೊಟ್ಟೆಯುರಿಯಾಗುವಂಥದ್ದು ನನ್ನಲ್ಲಿತ್ತು, ಅದನ್ನು ನಾನೇ ಕೈಯಾರೆ ರಿಪೇರಿ ಮಾಡಿ ಕಳಿಸಿಬಿಟ್ಟಿದ್ದೆ.

ಅಂಥದೇ ಒಂದು ಸಂಜೆ ಅವ್ವನ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದೆ. ಅತ್ತೆ ಬಂದು ನೆಲದ ಮೇಲಿನ ಡಬ್ಬಿಯನ್ನು ನೋಡಿ ಲೊಚಗುಟ್ಟಿದರು.

"ಎಷ್ಟ್ ಧೂಳಾ ಕುಂತೈತಿ ನೋಡ ಅದಕ್ಕ. ಆ ಕೌದಿ ಇತ್ತ ಕೊಡ, ಮೊದಲಿನಂಗ ಗೂಡಿನ್ಯಾಗಿಟ್ಟು ಹಿಂದ ತುರಕತೇನಿ."

ಅತ್ತೆ ಕೈ ಚಾಚಿ ನಿಂತಿದ್ದರು. ಕೌದಿಯ ಒಂದು ಮೂಲೆ ಅವರ ಕೈಯಲ್ಲಿ, ಉಳಿದದ್ದು ನನ್ನ ಮಡಿಲಲ್ಲಿ. ಬಿಟ್ಟುಕೊಟ್ಟರೆ ನಾಳೆಯೋ ನಾಡಿದ್ದೋ ತೆರೆ ಮತ್ತೆ ನೀಲಿಯಾಗುತ್ತಿತ್ತು. ಹೊರಗೆ ಮಾವನವರು ರಾಮದುರ್ಗದ ಹೊಡೆತಕ್ಕೆ ಮತ್ತೊಮ್ಮೆ ಭಲೇ ಅಂದರು.

"ಬ್ಯಾಡ್ರಿ ಅತ್ತೀ" ಅಂದೆ. ಅಷ್ಟು ಅನ್ನಲು ನನಗೆ ಬಹಳ ಹೊತ್ತು ಹಿಡಿಯಿತು, ಕೌದಿಯ ಮೂಲೆಯನ್ನು ಬಿಡಲು ಅತ್ತೆಗೂ.